‘ಮದರ್‌ಬೋರ್ಡ್ ಹೋಗಿದೆ’ ಅಂದಾಗ ಏನು ಕೇಳಬೇಕು? ಮಲೆನಾಡಿನ ಮನೆಗಳಲ್ಲಿ ಕಂಪ್ಯೂಟರ್ ರಿಪೇರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು ನಿಂತವು. ಏಳೆಂಟು ವರ್ಷ ಹಳೆಯ ಕಂಪ್ಯೂಟರ್ ಇರುವ ಮನೆಗಳಲ್ಲಿ ಅಲ್ಲಿಂದೀಚೆಗೆ ಒಂದೇ ಪ್ರಶ್ನೆ: ಇದನ್ನು ಇಟ್ಟುಕೊಳ್ಳುವುದೋ, ಬಿಡುವುದೋ? ಪಹಣಿ ತೆಗೆಯಲು, ಮಕ್ಕಳ ಫಲಿತಾಂಶ ನೋಡಲು, ತೋಟದ ಲೆಕ್ಕ ಬರೆದಿಡಲು, ಊರಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡಲು ಅದೇ ಯಂತ್ರ ಬೇಕು. ಅಂಗಡಿಗೆ ಒಯ್ದರೆ ‘ಹೊಸದೇ ತಗೊಳ್ಳಿ’ ಅನ್ನುವ ಉತ್ತರ ಬರುತ್ತದೆ, ಇಲ್ಲವೇ ಒಳಗಿನ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆಯಾದ ‘ಮದರ್‌ಬೋರ್ಡ್ ಹೋಗಿದೆ’ ಅನ್ನುತ್ತಾರೆ. ಎರಡೂ ಕೆಲವೊಮ್ಮೆ ನಿಜ. ಎಷ್ಟೋ ಸಲ ಯಾರೂ ಸರಿಯಾಗಿ ನೋಡಿರುವುದೇ ಇಲ್ಲ.

ಶಿವಮೊಗ್ಗ ಪೇಟೆಯಲ್ಲಿ ಇದ್ದವರು ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಇನ್ನೊಂದು ಅಂಗಡಿಗೆ ಹೋಗಿ ಕೇಳಬಹುದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಅದರಾಚೆಯ ಹಳ್ಳಿಯ ಒಂಟಿ ಮನೆಯವರಿಗೆ ಒಂದು ತಪ್ಪು ತೀರ್ಮಾನ ಅಂದರೆ ಒಂದು ಇಡೀ ದಿನ, ಎರಡು ಬಸ್ಸು. ಆದ್ದರಿಂದ ಯಾರನ್ನು ಕರೆಯಬೇಕು ಅನ್ನುವುದಕ್ಕೆ ಮುಂಚೆ ಕೆಟ್ಟಿರುವುದು ಯಾವುದು ಅಂತ ಅಂದಾಜು ಮಾಡಲು ಬರಬೇಕು. ಅದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ.

ಮೊದಲು: ಕೆಟ್ಟಿದ್ದು ಯಾವುದು

ತೋಟಕ್ಕೆ ನೀರು ಬರುತ್ತಿಲ್ಲ ಅಂದುಕೊಳ್ಳಿ. ಕರೆಂಟು ಇಲ್ಲದಿರಬಹುದು, ಮೋಟರ್ ಸುಟ್ಟಿರಬಹುದು, ಪೈಪ್ ಒಡೆದಿರಬಹುದು, ಕೆರೆಯೇ ಬತ್ತಿರಬಹುದು. ಕಾಣುವ ಲಕ್ಷಣ ಒಂದೇ, ಆದರೆ ಕರೆಯಬೇಕಾದವರು ಬೇರೆಬೇರೆ. ಕಂಪ್ಯೂಟರಿನಲ್ಲೂ ಹೀಗೆ ಐದು ಕಡೆ ನೋಡಬೇಕು: ಕರೆಂಟು, ಯಂತ್ರದ ಭಾಗಗಳು, ವಿಂಡೋಸ್‌ನಂಥ ತಂತ್ರಾಂಶ, ಇಂಟರ್ನೆಟ್ ಲೈನ್, ಕೊನೆಗೆ ನಿಮ್ಮ ಖಾತೆ ಮತ್ತು ಪಾಸ್‌ವರ್ಡ್. ಮೊದಲನೆಯದಕ್ಕೆ ಎಲೆಕ್ಟ್ರಿಷಿಯನ್ ಅಥವಾ ಮೆಸ್ಕಾಂ, ಎರಡು ಮತ್ತು ಮೂರನೆಯದಕ್ಕೆ ರಿಪೇರಿಯವರು, ನಾಲ್ಕನೆಯದಕ್ಕೆ ಇಂಟರ್ನೆಟ್ ಕಂಪನಿ. ಐದನೆಯದಕ್ಕೆ ಆಯಾ ಖಾತೆಯ ಸಂಸ್ಥೆ ಬಿಟ್ಟು ಬೇರೆ ಯಾರಿಂದಲೂ ಆಗುವುದಿಲ್ಲ. ಮರೆತ ಗೂಗಲ್ ಪಾಸ್‌ವರ್ಡ್ ತೆಗೆದುಕೊಡುತ್ತೇನೆ ಎಂದು ದುಡ್ಡು ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಯಂತ್ರ ಪೂರ್ತಿ ಸತ್ತ ಹಾಗಿದ್ದರೆ ಅದೇ ಸಾಕೆಟ್‌ಗೆ ಟೇಬಲ್ ಫ್ಯಾನ್ ಚುಚ್ಚಿ ನೋಡಿ. ಫ್ಯಾನ್ ತಿರುಗಿದರೆ ಯುಪಿಎಸ್ ಬಿಟ್ಟು ಕಂಪ್ಯೂಟರಿನ ವಯರನ್ನು ನೇರ ಗೋಡೆಗೆ ಕೊಡಿ. ಮನೆಯ 600 ವಿಎ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಅದರ ಆಯುಸ್ಸು ಎರಡು-ಮೂರು ವರ್ಷ. ಬ್ಯಾಟರಿ ಸೋತ ಯುಪಿಎಸ್ ಕರೆಂಟು ಇದ್ದರೂ ಕೆಲವೊಮ್ಮೆ ಆನ್ ಆಗುವುದಿಲ್ಲ, ಬೈಗುಳ ಕಂಪ್ಯೂಟರಿಗೆ ಬೀಳುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ, ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗಿ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಕಂಪ್ಯೂಟರಿನೊಳಗಿನ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಡೆಸ್ಕ್‌ಟಾಪ್‌ನಲ್ಲಿ ಇದಕ್ಕೆ ಬಹಳ ಸಾಮಾನ್ಯವಾದ ಕಾರಣ, ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ನೆನಪಿನಲ್ಲಿಡುವ ಸಣ್ಣ ಹಲಗೆ, ರ‍್ಯಾಮ್. ಅದರ ಅಂಚಿನ ಹೊಂಬಣ್ಣದ ಪಟ್ಟಿಗಳ ಮೇಲೆ ಮಳೆಗಾಲದ ತೇವಕ್ಕೆ ತೆಳುವಾದ ಕಿಲುಬು ಕೂರುತ್ತದೆ. ಪ್ಲಗ್ ಪೂರ್ತಿ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಸಿಕೊಂಡು, ರ‍್ಯಾಮ್‌ನ ಎರಡು ತುದಿಯ ಕ್ಲಿಪ್ ಸರಿಸಿ ಹೊರತೆಗೆಯಿರಿ. ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಕೈ ಹಾಕಲು ಧೈರ್ಯವಿಲ್ಲದವರು ರಿಪೇರಿಯವರಿಗೆ ‘ರ‍್ಯಾಮ್ ಬಿಚ್ಚಿ ಒರೆಸಿ ನೋಡಿದಿರಾ?’ ಎಂದು ಕೇಳಿದರೂ ಸಾಕು.

ಇನ್ನೊಂದು ಸಣ್ಣ ಭಾಗವಿದೆ, ಹೆಸರು ಸಿಆರ್2032, ಬಿಲ್ಲೆಯಾಕಾರದ 3 ವೋಲ್ಟಿನ ಬ್ಯಾಟರಿ. ಕಂಪ್ಯೂಟರ್ ಆರಿದ್ದಾಗಲೂ ಗಡಿಯಾರ ನಡೆಸುವುದು ಇದೇ. ಇದು ಸೋತರೆ ಪ್ರತಿ ಸಲ ಆನ್ ಮಾಡಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ಯಾಂಕಿನ ಸೈಟು, ಸರ್ಕಾರಿ ಸೈಟು ತೆರೆದರೆ ‘ಈ ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಎಚ್ಚರಿಕೆ ಬರುತ್ತದೆ, ಏಕೆಂದರೆ ಸೈಟಿನ ಭದ್ರತಾ ಪ್ರಮಾಣಪತ್ರಕ್ಕೆ ಶುರುವಿನ ಮತ್ತು ಮುಗಿಯುವ ದಿನಾಂಕ ಇರುತ್ತದೆ. ಜನ ಇದನ್ನು ವೈರಸ್ ಎಂದು ತಿಳಿದು ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಬೇಕಾಗಿದ್ದದ್ದು ವಾಚ್ ಅಂಗಡಿಯಲ್ಲೂ ಸಿಗುವ ಒಂದು ಬ್ಯಾಟರಿ.

ಇಂಟರ್ನೆಟ್ ಬಾರದಿದ್ದರೆ ಫೋನನ್ನು ಅದೇ ವೈಫೈಗೆ ಜೋಡಿಸಿ ನೋಡಿ. ಫೋನಿನಲ್ಲಿ ಬಂದು ಕಂಪ್ಯೂಟರಿನಲ್ಲಿ ಬಾರದಿದ್ದರೆ ದೋಷ ಕಂಪ್ಯೂಟರಿನದು. ಎರಡರಲ್ಲೂ ಇಲ್ಲವಾದರೆ ಫೈಬರ್ ಪೆಟ್ಟಿಗೆಯ ದೀಪ ನೋಡಿ. ‘ಲಾಸ್’ (LOS) ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಮನೆಗೆ ತಲುಪುತ್ತಿಲ್ಲ: ಎಲ್ಲೋ ಮರ ಬಿದ್ದು ಕೇಬಲ್ ಕಡಿದಿದೆ, ಅಥವಾ ಮನೆಯೊಳಗೇ ಹಳದಿ ಎಳೆ ಮಡಚಿಕೊಂಡಿದೆ. ಫೈಬರ್ ಅಂದರೆ ಗಾಜಿನ ಎಳೆ, ಅದನ್ನು ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಲೈನಿನವರು ಬಂದಾಗ ಬೆಳಕಿನ ಮಟ್ಟ ಎಷ್ಟಿದೆ ಎಂದು ಕೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಸಮಾಧಾನ. ಮೈನಸ್ 27ರ ಆಸುಪಾಸಿಗೆ ಇಳಿದಿದ್ದರೆ ಈಗ ಬಂದರೂ ಮತ್ತೆಮತ್ತೆ ಕಡಿಯುತ್ತದೆ, ಜೋಡಣೆ ಹೊಸದಾಗಿ ಮಾಡಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ನಡುಮನೆಯಲ್ಲಿ ಬರುವ ವೈಫೈ ಜಗುಲಿಗೆ ಬಾರದಿದ್ದರೆ ರೂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಜಂಬಿಟ್ಟಿಗೆಯ ದಪ್ಪ ಗೋಡೆ 5 ಗಿಗಾಹರ್ಟ್ಸ್ ಅಲೆಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. 2.4 ಗಿಗಾಹರ್ಟ್ಸ್ ನಿಧಾನವಾದರೂ ಗೋಡೆ ದಾಟುತ್ತದೆ. ಅದೂ ಸಾಲದಿದ್ದರೆ ಒಂದು ಲ್ಯಾನ್ ಕೇಬಲ್ (ಇಂಟರ್ನೆಟ್ ಸಾಗಿಸುವ ವಯರು) ಎಳೆದು ಆ ತುದಿಗೆ ಇನ್ನೊಂದು ರೂಟರ್ ಇಡಬೇಕು. ಲ್ಯಾನ್ ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ.

ವಿಂಡೋಸ್ 10 ನಿಂತಿತು ಅಂದರೆ ಏನು

ಕಂಪ್ಯೂಟರ್ ನಿಲ್ಲುವುದಿಲ್ಲ, ಒಳಗಿನ ಕಡತವೂ ಹೋಗುವುದಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಹಾಕುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿದೆ. ಬೇಲಿ ಇದ್ದ ಹಾಗೇ ಇದೆ, ಆದರೆ ಕಂಡಿ ಬಿದ್ದಲ್ಲಿ ಮುಚ್ಚುವವರಿಲ್ಲ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕು, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಳ್ಳಬಹುದು. ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದವರಿಗೆ ಇದು ಉಚಿತ.

ವಿಂಡೋಸ್ 11 ಹತ್ತುತ್ತದೆಯೇ ಎಂದು ತಿಳಿಯಲು ಪ್ರೊಸೆಸರಿನ ಹೆಸರು ನೋಡಿ. ಇಂಟೆಲ್ ಐ3, ಐ5, ಐ7ರ ಪಕ್ಕದ ಅಂಕಿಯಲ್ಲಿ ತಲೆಮಾರು ಅಡಗಿದೆ. ಐ5-7200 ಅಂದರೆ ಏಳನೆಯದು, ಅದಕ್ಕೆ ಹತ್ತುವುದಿಲ್ಲ. ಐ5-8250 ಅಂದರೆ ಎಂಟನೆಯದು, ಹತ್ತುತ್ತದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಟಿಪಿಎಂ ಇದ್ದರೂ ಕೆಲವು ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟದಲ್ಲಿ) ಆಫ್ ಆಗಿರುತ್ತದೆ. ‘ಟಿಪಿಎಂ ಇಲ್ಲ’ ಅಂದವರಿಗೆ ‘ಬಯಾಸ್‌ನಲ್ಲಿ ನೋಡಿದಿರಾ?’ ಎಂದು ಕೇಳಬೇಕು. 4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ 11 ನಡೆಯುತ್ತದೆ ಅನ್ನುವುದು ಕಾಗದದ ಮೇಲಿನ ಮಾತು. ನೆಮ್ಮದಿಯಾಗಿ ಬಳಸಲು 8 ಜಿಬಿ ರ‍್ಯಾಮ್, ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಬದಲಿಗೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಇರಬೇಕು. ಹಳೆಯ ಕಂಪ್ಯೂಟರ್ ನಿಧಾನ ಎಂದು ಬೇಸರಪಟ್ಟವರಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ ಈ ಎಸ್‌ಎಸ್‌ಡಿ.

ವಿಂಡೋಸ್ 11 ಹತ್ತದ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿದರೆ ಬ್ರೌಸರ್, ಮೇಲ್, ವೀಡಿಯೊ, ಪತ್ರ ಬರೆಯುವುದು ಎಲ್ಲ ನಡೆಯುತ್ತದೆ. ಲೆಕ್ಕ ಬರೆಯುವ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನೆಚ್ಚಿದವರಿಗೆ ಇದು ಒಗ್ಗದು.

ಸಿಡಿಲು ಮತ್ತು ತೇವ

ಕಂಪ್ಯೂಟರಿನ ಎರಡು ರೋಗಗಳು ಇಲ್ಲಿ ಮನೆಮನೆಯವು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗುಡುಗು-ಸಿಡಿಲು ಒಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಇನ್ನೊಂದು.

ಸಿಡಿಲು ಮನೆಗೇ ಬಡಿಯಬೇಕಿಲ್ಲ. ದೂರದಲ್ಲಿ ಲೈನಿನ ಹತ್ತಿರ ಬಡಿದರೂ ತಂತಿಯುದ್ದಕ್ಕೂ ಕ್ಷಣಮಾತ್ರದ ಭಾರೀ ವೋಲ್ಟೇಜ್ ಓಡಿಬರುತ್ತದೆ. 230 ವೋಲ್ಟಿಗೆ ಮಾಡಿದ ಭಾಗಗಳು ಅದನ್ನು ತಾಳುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಏಕೆಂದರೆ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಅಂಥ ವೋಲ್ಟೇಜ್ ಹಾರಿ ದಾಟುತ್ತದೆ. ಗುಡುಗು ದೂರದಲ್ಲಿ ಇರುವಾಗಲೇ ಪ್ಲಗ್ ಕಿತ್ತಿಡಬೇಕು, ಸಿಡಿಲು ನೆತ್ತಿಯ ಮೇಲೆ ಬಂದಾಗ ವಯರಿಗೆ ಕೈ ಹಾಕಬಾರದು. ಜನ ಮರೆಯುವುದು ಲ್ಯಾನ್ ವಯರನ್ನು. ಹಳೆಯ ತಾಮ್ರದ ಫೋನ್ ಲೈನಿನಿಂದ, ಡಿಶ್ ಆಂಟೆನಾದ ಕೇಬಲ್‌ನಿಂದಲೂ ಹೊಡೆತ ಒಳಬರುತ್ತದೆ. ಫೈಬರ್‌ನ ಗಾಜಿನಲ್ಲಿ ವಿದ್ಯುತ್ತು ಹರಿಯದು ನಿಜ, ಆದರೆ ಫೈಬರ್ ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ. ಆ ದಾರಿಯಲ್ಲಿ ಬಂದ ಹೊಡೆತ ರೂಟರ್ ದಾಟಿ, ಲ್ಯಾನ್ ವಯರಿನಲ್ಲಿ ನಡೆದು ಕಂಪ್ಯೂಟರನ್ನು ಮುಟ್ಟುತ್ತದೆ.

ಇಲ್ಲಿ ದುಡ್ಡು ಉಳಿಸುವ ಒಂದು ಮಾತು. ಸಿಡಿಲಿನ ಮಾರನೆಯ ದಿನ ಕಂಪ್ಯೂಟರ್ ಆನ್ ಆಗಿ, ಎಲ್ಲ ಕೆಲಸ ಮಾಡಿ, ವಯರಿನ ಇಂಟರ್ನೆಟ್ ಮಾತ್ರ ಬಾರದಿದ್ದರೆ ಸುಟ್ಟಿರುವುದು ಹೆಚ್ಚಾಗಿ ಲ್ಯಾನ್ ಪೋರ್ಟ್ ಒಂದೇ. ಅದು ಮದರ್‌ಬೋರ್ಡಿನ ಭಾಗವಾದ್ದರಿಂದ ‘ಬೋರ್ಡ್ ಬದಲಿಸಬೇಕು’ ಅನ್ನುತ್ತಾರೆ, ಮಾತು ಸುಳ್ಳಲ್ಲ. ಆದರೆ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಅಥವಾ ವೈಫೈ ಅಡಾಪ್ಟರ್ ಹಾಕಿಕೊಂಡರೆ ಬೋರ್ಡ್ ಬದಲಿಸದೆ ಮುಂದೆ ನಡೆಯುತ್ತದೆ. ರೂಟರ್ ಸತ್ತಂತಿದ್ದರೆ ಮೊದಲು ಅದರ ಅಡಾಪ್ಟರ್ ಪರೀಕ್ಷಿಸಿ. ಬದಲಿ ಅಡಾಪ್ಟರಿನ ವೋಲ್ಟ್ ಹಳೆಯದಕ್ಕೆ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಲ್ಯಾಪ್‌ಟಾಪ್ ಚಾರ್ಜರಿಗೂ ಇದೇ ಲೆಕ್ಕ.

ಸ್ಟೆಬಿಲೈಜರ್, ಯುಪಿಎಸ್, ಸ್ಪೈಕ್ ಬಸ್ಟರ್ ಮೂರೂ ಒಂದೇ ಎಂದು ಅಂಗಡಿಯಲ್ಲಿ ಅಂದರೆ ನಂಬಬೇಡಿ. ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಸ್ಟೆಬಿಲೈಜರ್ ಸರಿಪಡಿಸುತ್ತದೆ. ಕರೆಂಟು ಹೋದಾಗ ಹತ್ತು-ಹದಿನೈದು ನಿಮಿಷ ಯುಪಿಎಸ್ ಕೈಹಿಡಿಯುತ್ತದೆ, ಕೆಲಸ ಉಳಿಸಿ ಆಫ್ ಮಾಡಲು ಅಷ್ಟು ಸಾಕು. ಕ್ಷಣಾರ್ಧದ ಹೊಡೆತವನ್ನು ನುಂಗುವುದು ಸ್ಪೈಕ್ ಬಸ್ಟರ್, ಅದೂ ಒಳಗೆ ಎಂಒವಿ ಎಂಬ ಭಾಗ ಇದ್ದರೆ ಮಾತ್ರ. ಬರೀ ನಾಲ್ಕು ಸಾಕೆಟ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಸ್ಪೈಕ್ ಬಸ್ಟರ್ ಆಗುವುದಿಲ್ಲ. ಎಂಒವಿ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ದೊಡ್ಡ ಸಿಡಿಲು ಕಂಡ ಮೇಲೆ ಬದಲಿಸುವುದು ಒಳ್ಳೆಯದು. ಅರ್ತಿಂಗ್ ಇಲ್ಲದ ಮನೆಯಲ್ಲಿ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅದು ಅರ್ತಿಂಗ್ ದೋಷದ ಗುರುತು. ರಿಪೇರಿ ಅಂಗಡಿಗೆ ಹೋಗುವ ಮುಂಚೆ ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಯಿಸಿ. ಎರಡು-ಮೂರು ವೋಲ್ಟ್ ದಾಟಿದ್ದರೆ ಅರ್ತಿಂಗ್ ಸರಿಮಾಡಿಸಬೇಕು. ಅದನ್ನು ಬಿಟ್ಟು ಕಂಪ್ಯೂಟರನ್ನು ಎಷ್ಟು ಸಲ ರಿಪೇರಿ ಮಾಡಿಸಿದರೂ ಅದು ಮತ್ತೆ ಕೆಡುತ್ತದೆ.

ತೇವದ ವಿಷಯದಲ್ಲಿ ಸಾಮಾನ್ಯ ತಪ್ಪು ಎಂದರೆ ಪ್ಲಾಸ್ಟಿಕ್ ಹೊದಿಸುವುದು. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತಿಬಟ್ಟೆ ಹೊದಿಸಿ, ಮಳೆಗಾಲದಲ್ಲಿ ಕೆಲಸ ಇರಲಿ ಇಲ್ಲದಿರಲಿ ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಓಡಿಸಿ, ಅದರ ಬಿಸಿಗೇ ಒಳಗು ಒಣಗುತ್ತದೆ. ಮಳೆಯಲ್ಲಿ ನೆನೆದ ಚೀಲದಿಂದ ತೆಗೆದ ಲ್ಯಾಪ್‌ಟಾಪನ್ನು ತಕ್ಷಣ ಆನ್ ಮಾಡಬೇಡಿ. ಪ್ರಿಂಟರಿನ ಕಾಗದ ತೇವ ಹೀರಿ ಮೆತ್ತಗಾದರೆ ಎರಡೆರಡು ಹಾಳೆ ಒಟ್ಟಿಗೆ ಎಳೆದು ಸಿಕ್ಕಿಕೊಳ್ಳುತ್ತದೆ, ಪ್ರಿಂಟರ್ ಕೆಟ್ಟಿತೆಂದು ಒಯ್ಯುವ ಮೊದಲು ಹೊಸ ಕಟ್ಟು ಬಿಚ್ಚಿ ನೋಡಿ. ಉಳಿದ ಕಾಗದವನ್ನು ಹಪ್ಪಳ ಇಡುವ ಹಾಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ಇಂಕ್‌ಜೆಟ್ ಆದರೆ ವಾರಕ್ಕೊಮ್ಮೆ ಒಂದು ಬಣ್ಣದ ಹಾಳೆ ಮುದ್ರಿಸಿ, ಇಲ್ಲವಾದರೆ ಮೂತಿಯಲ್ಲಿ ಶಾಯಿ ಗಟ್ಟಿಯಾಗುತ್ತದೆ.

ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದರೆ ತಕ್ಷಣ ಆಫ್ ಮಾಡಿ, ಚಾರ್ಜರ್ ಕಿತ್ತು, ತೆರೆದ ಪುಸ್ತಕದ ಹಾಗೆ ಬೋರಲು ಹಾಕಿ. ಅಕ್ಕಿಯಲ್ಲಿ ಹೂತರೆ ಪ್ರಯೋಜನವಿಲ್ಲ. ಹಾಲು-ಸಕ್ಕರೆ ಬೋರ್ಡಿನ ಮೇಲೆ ಅಂಟಿ ತುಕ್ಕು ಹಿಡಿಸುತ್ತದೆ, ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯಬೇಕು. ಒಣಗಿದ ಮೇಲೆ ಆನ್ ಆಯಿತೆಂದು ಬಿಟ್ಟರೆ ತಿಂಗಳ ನಂತರ ಸಾಯುವುದು ಇಂಥವೇ.

ಯಾರ ಹತ್ತಿರ ಒಯ್ಯುವುದು

ವಾರಂಟಿ ಇದ್ದರೆ ಬೇರೆ ಯಾರೂ ಮುಟ್ಟುವ ಮೊದಲು ಕಂಪನಿಗೇ ಹೇಳಬೇಕು. ‘ಆನ್‌ಸೈಟ್’ ಎಂದಿದ್ದರೆ ಅವರೇ ಮನೆಗೆ ಬರುತ್ತಾರೆ, ‘ಕ್ಯಾರಿ ಇನ್’ ಎಂದಿದ್ದರೆ ನೀವೇ ಸರ್ವೀಸ್ ಸೆಂಟರ್‌ಗೆ ಒಯ್ಯಬೇಕು. ಹಳ್ಳಿಯವರು ಕೊಳ್ಳುವಾಗಲೇ ಇದನ್ನು ಕೇಳಿ, ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಸೇವೆ ಇದೆಯೇ ಎಂದು ಕಂಪನಿಯಿಂದಲೇ ಖಚಿತ ಮಾಡಿಕೊಳ್ಳಬೇಕು. ಸಾಮಾನ್ಯ ವಾರಂಟಿಯಲ್ಲಿ ಸಿಡಿಲು, ನೀರು, ಬಿದ್ದು ಒಡೆದದ್ದು ಬರುವುದಿಲ್ಲ, ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆ ಬೇರೆಯಾಗಿ ಕೊಳ್ಳಬೇಕು. ಲ್ಯಾಪ್‌ಟಾಪ್ ತಳದ ಚೀಟಿಯಲ್ಲಿ ಸೀರಿಯಲ್ ಸಂಖ್ಯೆ ಇರುತ್ತದೆ (ಡೆಲ್‌ನಲ್ಲಿ ಅದು ಏಳು ಅಕ್ಷರದ ಸರ್ವೀಸ್ ಟ್ಯಾಗ್). ಕಂಪನಿಯ ಸೈಟಿನಲ್ಲಿ ಅದನ್ನು ಹಾಕಿದರೆ ವಾರಂಟಿ ಎಂದು ಮುಗಿಯುತ್ತದೆ ಎಂಬುದು ಸಿಗುತ್ತದೆ.

ವಾರಂಟಿ ಮುಗಿದಿದ್ದರೆ ಕಂಪನಿ ಸೆಂಟರ್‌ಗಳು ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಿಸುತ್ತವೆ, ಆದ್ದರಿಂದ ದುಬಾರಿ. ಪೇಟೆಯ ಒಳ್ಳೆಯ ಅಂಗಡಿಯಲ್ಲಿ ‘ಚಿಪ್ ಲೆವೆಲ್’ ಕೆಲಸ ಮಾಡುತ್ತಾರೆ: ಬೋರ್ಡಿನಲ್ಲಿ ಯಾವ ಜಾಗದಲ್ಲಿ ವೋಲ್ಟೇಜ್ ನಿಂತಿದೆ ಎಂದು ಮೀಟರಿನಿಂದ ಹುಡುಕಿ, ಆ ಒಂದು ಭಾಗವನ್ನು ಬೆಸುಗೆ ಬಿಡಿಸಿ ಬದಲಿಸುವುದು. ಪಕ್ಕದೂರಿನ ಪರಿಚಯದ ಹುಡುಗ ವಿಂಡೋಸ್ ಹಾಕಲು, ಎಸ್‌ಎಸ್‌ಡಿ ಕೂರಿಸಲು, ಪ್ರಿಂಟರ್ ಜೋಡಿಸಲು ಧಾರಾಳ ಸಾಕು. ಬೋರ್ಡಿಗೆ ಬೆಸುಗೆ ಹಾಕುವ ಕೆಲಸ ಅವನಿಗೆ ಕೊಡುವುದು ಸರಿಯಲ್ಲ, ಅವನಲ್ಲಿ ಸಲಕರಣೆ ಇರುವುದಿಲ್ಲ.

ಬಸ್ಸಿನಲ್ಲಿ ಕಳಿಸುವುದಾದರೆ ಡೆಸ್ಕ್‌ಟಾಪಿನ ಒಳಗಿನ ಭಾರದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಕಟ್ಟಿ. ದೋಷ ಆನ್ ಆಗದಿರುವುದಷ್ಟೇ ಆದರೆ ಡಿಸ್ಕನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು, ಪರೀಕ್ಷೆಗೆ ಅದು ಬೇಕಾಗುವುದಿಲ್ಲ. ಮಾನಿಟರ್, ಕೀಬೋರ್ಡ್ ಕಳಿಸಬೇಡಿ.

ನಂಬಬಹುದಾದವರ ಗುರುತು

ಒಳ್ಳೆಯ ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ, ಆಮೇಲೆ ಚೀಟಿ ಬರೆಯುತ್ತಾರೆ. ‘ಯಾವಾಗಿಂದ? ಅದಕ್ಕೆ ಮುಂಚೆ ಸಿಡಿಲು ಬಂದಿತ್ತಾ? ಹೊಸದೇನಾದರೂ ಹಾಕಿದ್ದಿರಾ? ಒಳಗಿನ ಫೋಟೊ, ಲೆಕ್ಕ ಬೇಕಾ?’ ಎಂದು ಕೇಳಿದವರ ಮೇಲೆ ಭರವಸೆ ಇಡಬಹುದು. ಕೊನೆಯ ಪ್ರಶ್ನೆ ಕೇಳದೆ ‘ಫಾರ್ಮ್ಯಾಟ್ ಹೊಡೀತೀನಿ’ ಅಂದವರ ಕೈಗೆ ಕೊಡಬೇಡಿ. ಫಾರ್ಮ್ಯಾಟ್ ಅಂದರೆ ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. ‘ಸಿ ಡ್ರೈವ್ ಮಾತ್ರ’ ಅಂದರೂ ಸಮಾಧಾನಪಡಬೇಡಿ, ಡೆಸ್ಕ್‌ಟಾಪ್ ಮೇಲಿನ ಕಡತ, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಇರುವುದು ಅದೇ ಸಿ ಡ್ರೈವ್‌ನಲ್ಲಿ.

‘ಮದರ್‌ಬೋರ್ಡ್ ಹೋಗಿದೆ’ ಅಂದಾಗ ಕೇಳಬೇಕಾದದ್ದು ಇಷ್ಟೇ: ಹೇಗೆ ಗೊತ್ತಾಯಿತು? ಬೇರೆ ರ‍್ಯಾಮ್ ಹಾಕಿ, ಬೇರೆ ಎಸ್‌ಎಂಪಿಎಸ್ ಜೋಡಿಸಿ ನೋಡಿದಿರಾ? ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ, ಈ ಮೂರೂ ಶೇಕಡಾ 5ರ ಒಳಗೆ ಹೆಚ್ಚುಕಡಿಮೆ ಇರಬೇಕು. ಬದಲಿ ಭಾಗ ಹಾಕಿ ನೋಡದೆ ಬೋರ್ಡಿನ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಸರಿಯಾಗಿ ನೋಡಿದವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ನಿಮ್ಮೆದುರಿಗೇ ತೋರಿಸುತ್ತಾರೆ.

ಯಂತ್ರ ಕೊಡುವಾಗ ಜಾಬ್ ಶೀಟ್ ಬರೆಸಿಕೊಳ್ಳಿ. ಅದರಲ್ಲಿ ಸೀರಿಯಲ್ ಸಂಖ್ಯೆ, ರ‍್ಯಾಮ್ ಎಷ್ಟು ಜಿಬಿ, ಡಿಸ್ಕ್ ಎಷ್ಟು ಮತ್ತು ಯಾವ ಕಂಪನಿಯದು, ಚಾರ್ಜರ್ ಕೊಟ್ಟಿದ್ದೀರೋ ಇಲ್ಲವೋ, ನೀವು ಹೇಳಿದ ದೂರು, ಅಂದಾಜು ಖರ್ಚು, ‘ಕೇಳದೆ ಇದಕ್ಕಿಂತ ಹೆಚ್ಚು ಮಾಡಬಾರದು’ ಎಂಬ ಮಾತು ಇರಲಿ. ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ. ವಾಪಸ್ ತರುವಾಗ ಅಲ್ಲೇ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್, ಡಿಸ್ಕ್ ಮೊದಲಿನಷ್ಟೇ ಇದೆಯೇ ನೋಡಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಹೊಸ ಭಾಗದ ಬಿಲ್ಲಿನಲ್ಲಿ ಅದರ ಸೀರಿಯಲ್ ಸಂಖ್ಯೆ ಇದ್ದರೆ ಮಾತ್ರ ಅದರ ವಾರಂಟಿಗೆ ಬೆಲೆ.

ತಂತ್ರಾಂಶದ ವಿಷಯದಲ್ಲಿ ಮೂರು ತೊಂದರೆಗಳು ಮತ್ತೆಮತ್ತೆ ಬರುತ್ತವೆ. ಮೊದಲನೆಯದು ಬಿಟ್‌ಲಾಕರ್. ಹಲವು ಹೊಸ ಲ್ಯಾಪ್‌ಟಾಪ್‌ಗಳು ತಮ್ಮ ಡಿಸ್ಕಿಗೆ ತಾವಾಗಿಯೇ ಈ ಬೀಗ ಹಾಕಿಕೊಂಡಿರುತ್ತವೆ. ಬೋರ್ಡ್ ಬದಲಿಸಿದ ಮೇಲೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಯಾರಿಂದಲೂ ಒಳಗಿನದನ್ನು ತೆಗೆಯಲಾಗದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಗುತ್ತದೆ, ರಿಪೇರಿಗೆ ಕೊಡುವ ಮೊದಲೇ ಕಾಗದದಲ್ಲಿ ಬರೆದಿಡಿ. ಎರಡನೆಯದು ಕಳ್ಳ ವಿಂಡೋಸ್. ‘ಆಕ್ಟಿವೇಟ್ ಮಾಡಿಕೊಡ್ತೀವಿ’ ಎಂದು ಓಡಿಸುವ ಕ್ರ್ಯಾಕ್ ತಂತ್ರಾಂಶದ ಜೊತೆ ಪಾಸ್‌ವರ್ಡ್ ಕದಿಯುವ ಕಾರ್ಯಕ್ರಮವೂ ಒಳನುಗ್ಗಬಹುದು. ವಿಂಡೋಸ್ 8 ಕಾಲದಿಂದೀಚೆಗೆ ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಆಕ್ಟಿವೇಟ್ ಮಾಡುವ ಕೀ ಮದರ್‌ಬೋರ್ಡಿನಲ್ಲೇ ಅಡಕವಾಗಿರುತ್ತದೆ. 8 ಜಿಬಿ ಪೆನ್‌ಡ್ರೈವಿನಲ್ಲಿ ಮೈಕ್ರೋಸಾಫ್ಟ್‌ನವರದೇ ಉಚಿತ ಸಾಧನದಿಂದ ವಿಂಡೋಸ್ ತುಂಬಿ, ಅದೇ ಆವೃತ್ತಿ ಹಾಕಿದರೆ ತಾನೇ ಆಕ್ಟಿವೇಟ್ ಆಗುತ್ತದೆ.

ಮೂರನೆಯದು ನಮ್ಮದೇ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದ ವಂಶಾವಳಿ, ಸಂಘದ ನಡಾವಳಿ, ಹಾಡಿನ ಸಂಗ್ರಹ ಹೊಸ ವಿಂಡೋಸ್ ಹಾಕಿದ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಹಾಳಾಗಿಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸುತ್ತಿದ್ದವು, ಫಾಂಟ್ ಹೋದರೆ ಕೆಳಗಿನ ಅಕ್ಷರ ಬಯಲಾಗುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು, ಇಲ್ಲವೇ ಬರಹವನ್ನು ಮತ್ತೆ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಆಮೇಲೆ ಪರಿವರ್ತಕ ತಂತ್ರಾಂಶದಿಂದ, ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿಡಿ. ಇದು ಗೊತ್ತಿಲ್ಲದೆ ಅಪ್ಪ-ಅಜ್ಜ ಬರೆದಿಟ್ಟ ಕಡತಗಳನ್ನು ಅಳಿಸಿಬಿಡುವುದು ಬಹಳ ನೋವಿನ ಸಂಗತಿ.

ಹಾರ್ಡ್‌ಡಿಸ್ಕ್ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ. ಒಳಗಿನ ತಲೆ ತಟ್ಟೆಯನ್ನು ಗೀರುತ್ತಿರಬಹುದು, ಪ್ರತಿ ನಿಮಿಷಕ್ಕೂ ಉಳಿಸಬಹುದಾದದ್ದು ಕಡಿಮೆಯಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಬಹುಪಾಲು ಮರಳಿ ಸಿಗುವುದಿಲ್ಲ. ಆದ್ದರಿಂದ ಬೇಕಾದ್ದರ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಮಗಳ ಮನೆಯಲ್ಲೋ ಗೂಗಲ್ ಡ್ರೈವ್‌ನಲ್ಲೋ ಇನ್ನೊಂದು.

ಫೋನ್ ರಿಪೇರಿಗೆ ಕೊಡುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಸ್ಯಾಮ್‌ಸಂಗ್‌ನಲ್ಲಿ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಆನ್ ಮಾಡಿ ಕೊಟ್ಟರೆ ಅವರು ಪರೀಕ್ಷೆ ಮಾಡಬಹುದು, ನಿಮ್ಮ ಫೋಟೊ, ಸಂದೇಶ ಕಾಣುವುದಿಲ್ಲ. *#06# ಒತ್ತಿದಾಗ ಬರುವ ಫೋನಿನ ಗುರುತಿನ ಐಎಂಇಐ ಸಂಖ್ಯೆಯನ್ನು ಜಾಬ್ ಶೀಟ್‌ನಲ್ಲಿ ಬರೆಸಿ. ಸ್ಕ್ರೀನ್ ಲಾಕ್ ಪಿನ್ ಕೊಡಲೇಬೇಕಾದರೆ ಕೊಡುವ ಮುಂಚೆ ತಾತ್ಕಾಲಿಕ ಪಿನ್‌ಗೆ ಬದಲಿಸಿ. ಯುಪಿಐ ಪಿನ್ ಯಾರಿಗೂ ಬೇಕಾಗುವುದಿಲ್ಲ.

ಫೋನಿನಲ್ಲಿ ಬರುವ ‘ಸಹಾಯ’

ಗೂಗಲ್‌ನಲ್ಲಿ ‘ಪ್ರಿಂಟರ್ ಕಸ್ಟಮರ್ ಕೇರ್’ ಎಂದು ಹುಡುಕಿ ಮೊದಲು ಕಂಡ ಸಂಖ್ಯೆಗೆ ಕರೆ ಮಾಡಬೇಡಿ. ಮೋಸಗಾರರು ಜಾಹೀರಾತು ಹಾಕಿ, ನಕ್ಷೆಗಳಲ್ಲಿ ಸುಳ್ಳು ಸಂಖ್ಯೆ ಸೇರಿಸಿ ಕಾಯುತ್ತಿರುತ್ತಾರೆ. ಸಂಖ್ಯೆಯನ್ನು ಯಂತ್ರದ ಪೆಟ್ಟಿಗೆ, ವಾರಂಟಿ ಕಾರ್ಡ್, ಕಂಪನಿಯ ಸ್ವಂತ ಸೈಟ್ ಈ ಮೂರರಿಂದಲೇ ತೆಗೆದುಕೊಳ್ಳಿ. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಕೂಗುತ್ತಿದ್ದರೆ ಅದು ಒಂದು ವೆಬ್ ಪುಟ ಅಷ್ಟೇ. ಎಸ್ಕೇಪ್ ಕೀಲಿ ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಬ್ರೌಸರ್ ಮುಚ್ಚಿ. ನಿಜವಾದ ಮೈಕ್ರೋಸಾಫ್ಟ್ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಇರುವುದಿಲ್ಲ.

ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರ ನಿಯಂತ್ರಣದ ಆ್ಯಪ್‌ಗಳು ತಾವಾಗಿ ಕೆಟ್ಟವಲ್ಲ. ನೀವೇ ಕರೆದ, ಪರಿಚಯದ ರಿಪೇರಿಯವರು 60 ಕಿಲೋಮೀಟರ್ ದೂರದಿಂದ ಪ್ರಿಂಟರ್ ಸರಿಮಾಡಿಕೊಡಲು ಇವು ಬಹಳ ಉಪಕಾರಿ. ಆದರೆ ಅದರ ಸಂಖ್ಯೆ ಹೇಳಿ ಒಪ್ಪಿಗೆ ಒತ್ತಿದರೆ ಮನೆಯ ಕೀಲಿಗೊಂಚಲು ಕೊಟ್ಟ ಹಾಗೆ. ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕೆಲಸ ಮುಗಿಯುವ ತನಕ ಪರದೆಯ ಮುಂದೆಯೇ ಕೂತಿರಿ, ಆ ಹೊತ್ತಿನಲ್ಲಿ ಬ್ಯಾಂಕಿನ ಪುಟ ತೆರೆಯಬೇಡಿ, ಮುಗಿದ ಮೇಲೆ ಆ್ಯಪ್ ಕಿತ್ತುಹಾಕಿ.

ದುಡ್ಡು ಹೋಯಿತು ಎಂದು ಗೊತ್ತಾದ ಕೂಡಲೇ ಇಂಟರ್ನೆಟ್ ಕಿತ್ತು, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದಾದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಇಲ್ಲ. ಪಿನ್, ಓಟಿಪಿ ನೀವೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದು, ದೂರು ಕೊಟ್ಟ ನಂತರದ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಮಾರನೆಯ ದಿನಕ್ಕೆ ಮುಂದೂಡಬೇಡಿ, ಓದಿದವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ.

ಕೆಲಸ ಕೆಟ್ಟರೆ ಎಲ್ಲಿ ಹೇಳುವುದು

ಇಂಟರ್ನೆಟ್ ಕಂಪನಿಯ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಅವಕಾಶವನ್ನು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮ ಕೊಟ್ಟಿದೆ, ಅದಕ್ಕೆ ಆ ಸಂಖ್ಯೆ ಬೇಕೇಬೇಕು. ರಿಪೇರಿ ಅಂಗಡಿ, ಸರ್ವೀಸ್ ಸೆಂಟರ್ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಗರದವರಾಗಲಿ, ಸೊರಬದವರಾಗಲಿ, ಶಿವಮೊಗ್ಗದಿಂದಾಚೆ ಹೋಗಬೇಕಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತೊಂದರೆಯಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಆಯೋಗದ ಮುಂದೆ ಇಡಬೇಕಾದದ್ದು ಬಿಲ್ಲು, ಜಾಬ್ ಶೀಟ್, ಕೊಡುವಾಗ ತೆಗೆದ ಫೋಟೊ, ಅಂಗಡಿಯವರ ಜೊತೆಗಿನ ವಾಟ್ಸ್ಆ್ಯಪ್ ಮಾತುಕತೆ.